ಮೈಸೂರಿನಿಂದ ಕೊಲಂಬೊ ಎಷ್ಟು ದೂರ, ಎಷ್ಟು ಹೊತ್ತು? ನೀವೇ ಲೆಕ್ಕ ಹಾಕಿಕೊಳ್ಳಲು ಸಮಗ್ರ ಮಾರ್ಗದರ್ಶಿ

ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣದಿಂದ ಕೊಲಂಬೊ ವಿಮಾನ ನಿಲ್ದಾಣಕ್ಕೆ ನಕ್ಷೆಯಲ್ಲಿ ನೇರ ಗೆರೆ ಎಳೆದರೆ ಸುಮಾರು 664 ಕಿ.ಮೀ. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಿಂದ ಎಳೆದರೆ ಸುಮಾರು 710. ಅಂದರೆ ಕೊಲಂಬೊ ಬೆಂಗಳೂರಿನವರಿಗಿಂತ ಮೈಸೂರಿನ ನಮಗೇ ಹತ್ತಿರ. ಆದರೂ ನಾವು ಮಾಡುವುದೇನು? 185 ಕಿ.ಮೀ. ಈಶಾನ್ಯಕ್ಕೆ ಹೋಗಿ, ಇಡೀ ಬೆಂಗಳೂರನ್ನು ದಾಟಿ, ದೇವನಹಳ್ಳಿ ಹತ್ತಿರ ವಿಮಾನ ಹತ್ತಿ ಮತ್ತೆ ದಕ್ಷಿಣಕ್ಕೆ ತಿರುಗುತ್ತೇವೆ. ಮಂಡಕಳ್ಳಿಯ ರನ್‌ವೇ ಸುಮಾರು 1,740 ಮೀಟರ್ ಅಷ್ಟೇ. ಅಲ್ಲಿ ಇಳಿಯುವುದು ಎಟಿಆರ್‌ನಂಥ ಸಣ್ಣ ವಿಮಾನ. ಕೊಲಂಬೊಗೆ ಅಲ್ಲಿಂದ ವಿಮಾನ ಇಲ್ಲ.

'ಕೊಲಂಬೊ ಎಷ್ಟು ದೂರ' ಎಂದು ಗೂಗಲ್‌ನಲ್ಲಿ ಹಾಕಿದರೆ ಒಂದೊಂದು ಕಡೆ ಒಂದೊಂದು ಸಂಖ್ಯೆ ಬರುತ್ತದೆ. 707, 710, 717, 383, 440. ಹೆಚ್ಚುಕಮ್ಮಿ ಎಲ್ಲವೂ ಸರಿ! ಆದರೆ ಒಂದೊಂದೂ ಬೇರೆ ಬೇರೆ ಪ್ರಶ್ನೆಗೆ ಉತ್ತರ. ಸಮಯದ ಕಥೆಯೂ ಹಾಗೆಯೇ. ವಿಮಾನ ಗಾಳಿಯಲ್ಲಿ ಇರುವ ಹೊತ್ತು ಒಂದು, ಟಿಕೆಟ್‌ನಲ್ಲಿ ಬರೆದ ಹೊತ್ತು ಇನ್ನೊಂದು, ನಿಮ್ಮ ಮನೆ ಬೀಗ ಹಾಕಿದಾಗಿನಿಂದ ಹೋಟೆಲ್ ರೂಮಿನಲ್ಲಿ ಬ್ಯಾಗ್ ಇಡುವವರೆಗಿನ ಹೊತ್ತು ಮತ್ತೊಂದು. ಯಾವ ಸಂಖ್ಯೆ ಯಾವುದಕ್ಕೆ ಬೇಕು ಎಂದು ತಿಳಿದರೆ ಮಾಲ್ಡೀವ್ಸ್‌ನ ಮಾಲೆಗೋ ಕಠ್ಮಂಡುವಿಗೋ ಹೊರಟಾಗಲೂ ಇದೇ ಲೆಕ್ಕ ಸಾಕು.

ಹಂತ 1: ಯಾವ ನಿಲ್ದಾಣದಿಂದ ಯಾವ ನಿಲ್ದಾಣಕ್ಕೆ?

ಊರಿನ ಹೆಸರು ಸಾಲದು. ಕೊಲಂಬೊ ಹೆಸರಿನಲ್ಲಿ ಎರಡು ವಿಮಾನ ನಿಲ್ದಾಣಗಳಿವೆ. ನಮ್ಮ ಕಡೆಯಿಂದ ಹೋಗುವ ವಿಮಾನ ಇಳಿಯುವುದು ಬಂಡಾರನಾಯಕೆ ಅಂತರರಾಷ್ಟ್ರೀಯ ನಿಲ್ದಾಣದಲ್ಲಿ. ಅದು ಇರುವುದು ಕೊಲಂಬೊ ನಗರದಲ್ಲಲ್ಲ, ಸುಮಾರು 30 ಕಿ.ಮೀ. ಉತ್ತರಕ್ಕಿರುವ ಕಟುನಾಯಕದಲ್ಲಿ. ನಗರದ ದಕ್ಷಿಣಕ್ಕಿರುವ ರತ್ಮಲಾನ ಹಳೆಯ, ಚಿಕ್ಕ ನಿಲ್ದಾಣ. ಇವಲ್ಲದೆ ಹಂಬಂತೋಟ ಕಡೆ ಮತ್ತಳ ಎಂಬ ಇನ್ನೊಂದು ಅಂತರರಾಷ್ಟ್ರೀಯ ನಿಲ್ದಾಣವಿದೆ. ಜಾಫ್ನಾ ಬಳಿ ಪಲಾಲಿಯಲ್ಲಿ ಮತ್ತೊಂದು.

ಗೊಂದಲ ಬೇಡವೆಂದರೆ ಮೂರಕ್ಷರದ ಕೋಡ್ ನೋಡಿ. ಬೆಂಗಳೂರಿಗೆ ಬಿಎಲ್‌ಆರ್, ಕಟುನಾಯಕಕ್ಕೆ ಸಿಎಂಬಿ, ರತ್ಮಲಾನಕ್ಕೆ ಆರ್‌ಎಂಎಲ್, ನಮ್ಮ ಮೈಸೂರಿಗೆ ಎಂವೈಕ್ಯೂ. ಟಿಕೆಟ್‌ನಲ್ಲಿ, ಬ್ಯಾಗಿಗೆ ಅಂಟಿಸುವ ಚೀಟಿಯಲ್ಲಿ ಇದೇ ಕೋಡ್ ಇರುತ್ತದೆ. ಅಂತರ್ಜಾಲದಲ್ಲಿ ದೂರ ಹುಡುಕುವಾಗಲೂ ಊರಿನ ಹೆಸರಿನ ಬದಲು ಕೋಡ್ ಹಾಕಿ. ಮೇಲೆ ಬಂದ 717 ಎಂಬ ಸಂಖ್ಯೆ ಬೆಂಗಳೂರು ನಗರದ ನಡುಮಧ್ಯದಿಂದ ಕೊಲಂಬೊ ನಗರದ ನಡುಮಧ್ಯಕ್ಕೆ ಅಳೆದದ್ದು. ವಿಮಾನ ಹೊರಡುವುದು ಮೆಜೆಸ್ಟಿಕ್‌ನಿಂದ ಅಲ್ವಲ್ಲ!

ಹಂತ 2: ಅಕ್ಷಾಂಶ, ರೇಖಾಂಶ ಬರೆದುಕೊಳ್ಳಿ

ಮೊಬೈಲ್‌ನಲ್ಲಿ ಗೂಗಲ್ ಮ್ಯಾಪ್ ತೆರೆದು, ರನ್‌ವೇ ಮೇಲೆ ಬೆರಳು ಒತ್ತಿ ಹಿಡಿದರೆ ಎರಡು ಸಂಖ್ಯೆ ಬರುತ್ತವೆ. ಮೊದಲನೆಯದು ಅಕ್ಷಾಂಶ, ಎರಡನೆಯದು ರೇಖಾಂಶ. ದಶಮಾಂಶದ ನಂತರ ಎರಡು ಅಂಕಿ ಸಾಕು.

ಕೆಂಪೇಗೌಡ ನಿಲ್ದಾಣ: 13.20 ಉತ್ತರ, 77.71 ಪೂರ್ವ.
ಕಟುನಾಯಕ: 7.18 ಉತ್ತರ, 79.88 ಪೂರ್ವ.

ಹಂತ 3: ಪೆನ್ನು, ಕಾಗದ, ಕ್ಯಾಲ್ಕುಲೇಟರ್

ಇದು ಹೈಸ್ಕೂಲಿನ ಗಣಿತ. ಮನೆಯಲ್ಲಿ ಎಸ್ಸೆಸ್ಸೆಲ್ಸಿ ಓದುವ ಮಕ್ಕಳಿದ್ದರೆ ಅವರ ಕೈಲೇ ಮಾಡಿಸಿ. ಪೈಥಾಗೊರಸ್ ಪ್ರಮೇಯ, ತ್ರಿಕೋನಮಿತಿ ಎರಡೂ ಒಂದೇ ಲೆಕ್ಕದಲ್ಲಿ ಬರುತ್ತವೆ.

ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ. ಅದನ್ನು 360 ಡಿಗ್ರಿಗೆ ಹಂಚಿದರೆ ಒಂದು ಡಿಗ್ರಿಗೆ 111 ಕಿ.ಮೀ. ಉತ್ತರ-ದಕ್ಷಿಣವಾಗಿ ಎಲ್ಲಿ ಅಳೆದರೂ ಹೆಚ್ಚುಕಮ್ಮಿ ಇಷ್ಟೇ. ಪೂರ್ವ-ಪಶ್ಚಿಮದ ಲೆಕ್ಕ ಹಾಗಲ್ಲ. ಸಮಭಾಜಕದಿಂದ ಧ್ರುವದ ಕಡೆ ಹೋದಂತೆ ರೇಖಾಂಶದ ಗೆರೆಗಳು ಒಂದಕ್ಕೊಂದು ಹತ್ತಿರವಾಗುತ್ತವೆ, ಕಿತ್ತಳೆ ಹಣ್ಣಿನ ತೊಳೆ ತುದಿಯಲ್ಲಿ ಕಿರಿದಾಗುವ ಹಾಗೆ. ಅದಕ್ಕೆ 111ನ್ನು ಎರಡೂ ಊರಿನ ಸರಾಸರಿ ಅಕ್ಷಾಂಶದ ಕಾಸ್ (ತ್ರಿಕೋನಮಿತಿಯ cos) ಬೆಲೆಯಿಂದ ಗುಣಿಸಬೇಕು.

ಈಗ ಲೆಕ್ಕ ಮಾಡೋಣ.

ಅಕ್ಷಾಂಶದ ವ್ಯತ್ಯಾಸ: 13.20 − 7.18 = 6.02. ಇದನ್ನು 111ರಿಂದ ಗುಣಿಸಿದರೆ 668 ಕಿ.ಮೀ.

ರೇಖಾಂಶದ ವ್ಯತ್ಯಾಸ: 79.88 − 77.71 = 2.17. ಸರಾಸರಿ ಅಕ್ಷಾಂಶ 10.19 ಡಿಗ್ರಿ, ಅದರ ಕಾಸ್ 0.984. ಆದ್ದರಿಂದ 2.17 × 111 × 0.984 = 237 ಕಿ.ಮೀ.

668ರ ವರ್ಗ, 237ರ ವರ್ಗ ಎರಡನ್ನೂ ಕೂಡಿಸಿ ವರ್ಗಮೂಲ ತೆಗೆಯಿರಿ. 709 ಕಿ.ಮೀ. ಬರುತ್ತದೆ. ಭೂಮಿ ಉಂಡೆಯಾಗಿದೆ ಎಂದುಕೊಂಡು ದೊಡ್ಡ ಸೂತ್ರ ಹಾಕಿ ಮಾಡಿದರೆ 710. ಒಂದೇ ಒಂದು ಕಿ.ಮೀ. ವ್ಯತ್ಯಾಸ!

ಹಾಗಾದರೆ 707 ಎಲ್ಲಿಂದ ಬಂತು? ಭೂಮಿ ಪೂರ್ತಿ ಉಂಡೆ ಅಲ್ಲ. ಧ್ರುವಗಳ ಕಡೆ ಸ್ವಲ್ಪ ಚಪ್ಪಟೆ, ನಡುವೆ ಸ್ವಲ್ಪ ಉಬ್ಬು. ಅದನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಸುಮಾರು 707 ಸಿಗುತ್ತದೆ. ನಿಖರತೆ ನೋಡಿದರೆ ಇದೇ ಜಾಸ್ತಿ ಸರಿ. ಪ್ರಯಾಣದ ಮಟ್ಟಿಗೆ ಈ ಮೂರು ಕಿ.ಮೀ.ಗೆ ಯಾರೂ ತಲೆ ಕೆಡಿಸಿಕೊಳ್ಳಬೇಕಿಲ್ಲ.

383 ಮತ್ತು 440? ಅವು ಬೇರೆ ಮಾನದ ಸಂಖ್ಯೆ. ವಿಮಾನ, ಹಡಗಿನವರು ಬಳಸುವುದು ನಾಟಿಕಲ್ ಮೈಲಿ. ಒಂದು ನಾಟಿಕಲ್ ಮೈಲಿ ಎಂದರೆ 1.852 ಕಿ.ಮೀ. 709ನ್ನು ಇದರಿಂದ ಭಾಗಿಸಿದರೆ 383. ನಮ್ಮ ಹಳೆಯ ಮೈಲಿಯಲ್ಲಿ ಹೇಳಿದರೆ ಸುಮಾರು 440. ಮೈಲಿ ಎಂದು ಕಂಡ ಕೂಡಲೇ ಯಾವ ಮೈಲಿ ಎಂದು ಕೇಳಿ.

ಮಾಲ್ಡೀವ್ಸ್‌ನ ಮಾಲೆಗೆ ಇದೇ ರೀತಿ ಹಾಕಿ ನೋಡಿ, ಬೆಂಗಳೂರಿನಿಂದ ಸುಮಾರು 1,100 ಕಿ.ಮೀ. ಬರಬೇಕು. ಕಠ್ಮಂಡುವಿಗೆ ಸುಮಾರು 1,800. ನೆರೆಯ ದೇಶಗಳಿಗೆ ಈ ಸುಲಭ ಲೆಕ್ಕ ಚೆನ್ನಾಗಿ ಹೊಂದುತ್ತದೆ. ಲಂಡನ್‌ಗೋ ನ್ಯೂಯಾರ್ಕ್‌ಗೋ ಹಾಕಬೇಡಿ, ತಪ್ಪುತ್ತದೆ.

'ರಸ್ತೆ ದೂರ' ಎಂದು ತೋರಿಸಿದರೆ

ಕೆಲವು ಕಡೆ ಬೆಂಗಳೂರು-ಕೊಲಂಬೊ ಕಾರಿನ ದೂರ, ಕಾರಿನ ಸಮಯ ಎಂದೂ ಬರೆದಿರುತ್ತಾರೆ. ಅದನ್ನು ನಂಬಬೇಡಿ. ಎರಡು ದೇಶಗಳ ನಡುವೆ ಸೇತುವೆ ಇಲ್ಲ. ಧನುಷ್ಕೋಡಿಯಿಂದ ತಲೈಮನ್ನಾರ್‌ಗೆ ಸಮುದ್ರ ಸುಮಾರು 30 ಕಿ.ಮೀ. ಮಾತ್ರ. ಒಂದು ಕಾಲದಲ್ಲಿ ಧನುಷ್ಕೋಡಿವರೆಗೆ ರೈಲು, ಅಲ್ಲಿಂದ ಹಡಗು, ಆ ಕಡೆ ಮತ್ತೆ ರೈಲು ಇತ್ತು. 1964ರ ಡಿಸೆಂಬರ್ ಚಂಡಮಾರುತ ಧನುಷ್ಕೋಡಿಯನ್ನೇ ಕೊಚ್ಚಿಕೊಂಡು ಹೋಯಿತು. ಈಗ ಇರುವುದು ನಾಗಪಟ್ಟಣಂನಿಂದ ಜಾಫ್ನಾ ಬಳಿಯ ಕಂಕೇಸಂತುರೈಗೆ ಹೋಗುವ ಹಡಗು. 2023ರ ಅಕ್ಟೋಬರ್‌ನಲ್ಲಿ ಮತ್ತೆ ಶುರುವಾಯಿತು. ಸಮುದ್ರದ ಮೇಲೆ ಸುಮಾರು 4 ಗಂಟೆ. ಮಳೆಗಾಲದಲ್ಲಿ ನಿಲ್ಲಿಸುವುದೂ ಉಂಟು. ಬಿಡುವು ಜಾಸ್ತಿ ಇರುವವರಿಗೆ ಅದು ಬೇರೆಯೇ ಪ್ರವಾಸ.

ಹಂತ 4: ವಿಮಾನ ನಿಜವಾಗಿ ಹೋಗುವ ದಾರಿ

ನೇರ ಗೆರೆಯನ್ನು ನಕ್ಷೆಯ ಮೇಲೆ ಎಳೆದು ನೋಡಿ, ಮಜವಾಗಿದೆ. ಹೊಸೂರು, ಸೇಲಂ, ತಿರುಚಿರಾಪಳ್ಳಿ ಮೂರರ ಪಕ್ಕದಲ್ಲೇ ಹಾದು, ಮಂಡಪಂ ಬಳಿ ನೆಲ ಬಿಟ್ಟು ಮನ್ನಾರ್ ಕೊಲ್ಲಿಯ ಮೇಲೆ ಹೋಗುತ್ತದೆ. ವಿಮಾನ ಈ ಗೆರೆಯ ಹತ್ತಿರವೇ ಹಾರಿ, ಮೋಡ ಇಲ್ಲದಿದ್ದರೆ, ಎಡಗಡೆ ಕಿಟಕಿಯವರಿಗೆ ಪಾಂಬನ್ ಸೇತುವೆ, ರಾಮೇಶ್ವರ ದ್ವೀಪ ಕಾಣುವ ಸಾಧ್ಯತೆ ಇದೆ. ಸೀಟು ಆರಿಸುವಾಗ ನೆನಪಿಡಿ.

ಆದರೆ ವಿಮಾನ ಗೆರೆ ಎಳೆದಂತೆ ಹೋಗುವುದಿಲ್ಲ. ಕೆಂಪೇಗೌಡ ನಿಲ್ದಾಣದ ಎರಡೂ ರನ್‌ವೇಗಳು ಪೂರ್ವ-ಪಶ್ಚಿಮವಾಗಿವೆ. ನಾವು ಹೋಗಬೇಕಾದದ್ದು ದಕ್ಷಿಣಕ್ಕೆ, ಸ್ವಲ್ಪ ಪೂರ್ವಕ್ಕೆ ವಾಲಿ. ಗಾಳಿ ಪಶ್ಚಿಮದಿಂದ ಬೀಸುತ್ತಿದ್ದರೆ ವಿಮಾನ ಪಶ್ಚಿಮಕ್ಕೆ ಮುಖ ಮಾಡಿ ಏರಿ, ಆಮೇಲೆ ಸುತ್ತಿ ತಿರುಗಬೇಕು. ಕಟುನಾಯಕದ ರನ್‌ವೇ ಈಶಾನ್ಯ-ನೈಋತ್ಯವಾಗಿದೆ. ಸಮುದ್ರದ ಕಡೆಯಿಂದ ಇಳಿಸಿದರೆ ಊರನ್ನು ದಾಟಿ ಹೋಗಿ ಹಿಂದಕ್ಕೆ ಬರಬೇಕು. ಇವೆಲ್ಲ ಸೇರಿ ಹಾರುವ ದೂರ 709ಕ್ಕಿಂತ ಯಾವಾಗಲೂ ಸ್ವಲ್ಪ ಜಾಸ್ತಿ. ಫ್ಲೈಟ್‌ರಾಡಾರ್24 ಆ್ಯಪ್‌ನಲ್ಲಿ ಬೆಂಗಳೂರು-ಕೊಲಂಬೊ ವಿಮಾನವೊಂದನ್ನು ಹಿಡಿದು ನೋಡಿದರೆ ಈ ತಿರುವುಗಳೆಲ್ಲ ಚೆನ್ನಾಗಿ ಕಾಣುತ್ತವೆ.

ಹಂತ 5: ದೂರವನ್ನು ಹೊತ್ತಿಗೆ ತಿರುಗಿಸುವುದು

ಜೆಟ್ ವಿಮಾನ ಗಂಟೆಗೆ 800 ಕಿ.ಮೀ. ಎಂದಿಟ್ಟುಕೊಳ್ಳಿ. ದೂರವನ್ನು 800ರಿಂದ ಭಾಗಿಸಿ, ಮೇಲೆ ಅರ್ಧ ಗಂಟೆ ಸೇರಿಸಿ. ಗೇಟಿನಿಂದ ರನ್‌ವೇವರೆಗೆ ಉರುಳುವುದು, ಏರುವಾಗ ಇಳಿಯುವಾಗ ನಿಧಾನವಾಗುವುದು, ಸರದಿಗೆ ಕಾಯುವುದು ಎಲ್ಲ ಆ ಅರ್ಧ ಗಂಟೆಯಲ್ಲಿ ಬಂತು.

709ನ್ನು 800ರಿಂದ ಭಾಗಿಸಿದರೆ ಸುಮಾರು 53 ನಿಮಿಷ. ಅರ್ಧ ಗಂಟೆ ಸೇರಿಸಿ, 1 ಗಂಟೆ 23 ನಿಮಿಷ. ಟಿಕೆಟ್‌ನಲ್ಲಿ ಸಾಮಾನ್ಯವಾಗಿ ಇದಕ್ಕಿಂತ ಐದು-ಹತ್ತು ನಿಮಿಷ ಜಾಸ್ತಿ, ಅಂದರೆ ಒಂದೂವರೆ ಗಂಟೆಯ ಆಸುಪಾಸು ಇರುತ್ತದೆ. ಟಿಕೆಟ್ ಹೊತ್ತು ಎಂದರೆ ವಿಮಾನ ಗೇಟು ಬಿಟ್ಟಾಗಿನಿಂದ ಇನ್ನೊಂದು ಕಡೆ ಗೇಟಿಗೆ ಬಂದು ನಿಲ್ಲುವವರೆಗೆ. ತಡವಾಯಿತು ಎನ್ನಿಸಿಕೊಳ್ಳಬಾರದು ಎಂದು ಕಂಪನಿಗಳು ಅದರಲ್ಲಿ ಒಂದಿಷ್ಟು ಹೆಚ್ಚಿಗೆ ಹಾಕಿಯೇ ಇರುತ್ತವೆ. ಗಾಳಿಯಲ್ಲಿ ಇರುವುದು ಒಂದು ಗಂಟೆ ಚಿಲ್ಲರೆ. ಕೊಟ್ಟ ತಿಂಡಿ ತಿಂದು ಕಾಫಿ ಕುಡಿಯುವಷ್ಟರಲ್ಲಿ ಬೆಲ್ಟ್ ಹಾಕಿ ಎನ್ನುತ್ತಾರೆ.

ಈ ಲೆಕ್ಕದಲ್ಲಿ ವಿಮಾನದ ಜಾತಿಯೂ ಮುಖ್ಯ. ಚೆನ್ನೈನಿಂದ ಜಾಫ್ನಾಕ್ಕೆ ನೇರ ದೂರ ಸುಮಾರು 356 ಕಿ.ಮೀ., ನಮ್ಮ ಕೊಲಂಬೊ ದಾರಿಯ ಅರ್ಧ. ಆದರೆ ಆ ಕಡೆ ಹಾರುವುದು ರೆಕ್ಕೆಯಲ್ಲಿ ಫ್ಯಾನ್ ಇರುವ ಎಟಿಆರ್. ಅದರ ವೇಗ ಗಂಟೆಗೆ 500 ಕಿ.ಮೀ. ಸುಮಾರು. 43 ನಿಮಿಷಕ್ಕೆ ಅರ್ಧ ಗಂಟೆ ಸೇರಿಸಿದರೆ ಒಂದೂಕಾಲು ಗಂಟೆ ಹತ್ತಿರ. ಅರ್ಧ ದೂರ, ಆದರೆ ಹೊತ್ತು ಹೆಚ್ಚುಕಮ್ಮಿ ಅಷ್ಟೇ. ಬುಕ್ ಮಾಡುವಾಗ ವಿಮಾನದ ಮಾದರಿ ಬರೆದಿರುತ್ತಾರೆ, ಒಮ್ಮೆ ಕಣ್ಣು ಹಾಯಿಸಿ.

ಗಾಳಿಯ ವಿಷಯ ಬೇಗ ಮುಗಿಸುತ್ತೇನೆ. ಬಹಳ ಎತ್ತರದಲ್ಲಿ ಬೀಸುವ ಜೋರು ಗಾಳಿಗಳು ಪೂರ್ವ-ಪಶ್ಚಿಮವಾಗಿ ಹರಿಯುತ್ತವೆ. ನಮ್ಮ ದಾರಿ ಉತ್ತರ-ದಕ್ಷಿಣ. ಹಾಗಾಗಿ ಹೋಗುವ ಬರುವ ಹೊತ್ತಿನಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ದೆಹಲಿಯಿಂದ ಢಾಕಾಗೆ ಚಳಿಗಾಲದಲ್ಲಿ ಹೋಗುವವರಿಗೆ ವ್ಯತ್ಯಾಸ ಗೊತ್ತಾಗುತ್ತದೆ, ಹೋಗುವಾಗ ಬೇಗ, ಬರುವಾಗ ನಿಧಾನ.

ಹಂತ 6: ಗಡಿಯಾರ

ಟಿಕೆಟ್‌ನಲ್ಲಿ ಹೊರಡುವ ಹೊತ್ತು ಹೊರಡುವ ಊರಿನದು, ತಲುಪುವ ಹೊತ್ತು ತಲುಪುವ ಊರಿನದು. ಶ್ರೀಲಂಕಾ ಮತ್ತು ಭಾರತದ ಗಡಿಯಾರ ಈಗ ಒಂದೇ, ಆದ್ದರಿಂದ ಎರಡನ್ನೂ ನೇರವಾಗಿ ಕಳೆದರೆ ಸಾಕು. ಮೊದಲು ಹೀಗಿರಲಿಲ್ಲ. 1996ರಲ್ಲಿ ಶ್ರೀಲಂಕಾ ಗಡಿಯಾರವನ್ನು ಮುಂದಕ್ಕೆ ತಳ್ಳಿತು, 2006ರ ಏಪ್ರಿಲ್‌ನಲ್ಲಿ ಮತ್ತೆ ನಮ್ಮ ಹೊತ್ತಿಗೆ ಬಂತು. ಹಳೆಯ ಪುಸ್ತಕದಲ್ಲಿ ಅರ್ಧ ಗಂಟೆ ಮುಂದೆ ಎಂದಿದ್ದರೆ ಕಾರಣ ಅದು.

ಬೇರೆ ನೆರೆಯವರ ಲೆಕ್ಕ ಬೇರೆ. ನೇಪಾಳ ನಮಗಿಂತ 15 ನಿಮಿಷ ಮುಂದೆ. ಬಾಂಗ್ಲಾದೇಶ, ಭೂತಾನ್ ಅರ್ಧ ಗಂಟೆ ಮುಂದೆ. ಮ್ಯಾನ್ಮಾರ್ ಒಂದು ಗಂಟೆ ಮುಂದೆ. ಮಾಲ್ಡೀವ್ಸ್ ಅರ್ಧ ಗಂಟೆ ಹಿಂದೆ. ಬೆಂಗಳೂರಿನಲ್ಲಿ 10ಕ್ಕೆ ಹೊರಟು ಕಠ್ಮಂಡುವಿನಲ್ಲಿ 1 ಗಂಟೆಗೆ ಇಳಿದರೆ ಪ್ರಯಾಣ ಮೂರು ಗಂಟೆಯಲ್ಲ, ಎರಡೂಮುಕ್ಕಾಲು. ಮಾಲೆಗೆ ಹೋಗುವಾಗ ಟಿಕೆಟ್ ನೋಡಿ 'ಪರವಾಗಿಲ್ವೇ, ಬೇಗ ಹೋಗುತ್ತೆ' ಅನ್ನಿಸುವುದು ಆ ಅರ್ಧ ಗಂಟೆಯಿಂದ. ವಾಪಸ್ ಬರುವಾಗ ಅದನ್ನು ಕೊಡಲೇಬೇಕು.

ಹಂತ 7: ಮನೆಯಿಂದ ಲೆಕ್ಕ, ಕೊನೆಯಿಂದ ಹಿಂದಕ್ಕೆ

ಜನ ಎಡವುವುದು ಇಲ್ಲೇ. ಒಂದೂವರೆ ಗಂಟೆ ಪ್ರಯಾಣ ತಾನೇ, ಬೆಳಗ್ಗೆ ತಿಂಡಿ ತಿಂದು ಹೊರಟರಾಯಿತು ಎನ್ನುವವರಿದ್ದಾರೆ. ವಿಮಾನ ಬಿಡುವ ಹೊತ್ತಿನಿಂದ ಹಿಂದಕ್ಕೆ ಎಣಿಸಿಕೊಂಡು ಬನ್ನಿ.

ಉದಾಹರಣೆಗೆ ವಿಮಾನ ಬೆಳಗ್ಗೆ 11.30ಕ್ಕೆ ಎಂದುಕೊಳ್ಳಿ. ವಿದೇಶಿ ವಿಮಾನಕ್ಕೆ ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಕೌಂಟರ್ ಮುಚ್ಚುತ್ತಾರೆ, ಕೆಲವರು ಇನ್ನೂ ಬೇಗ. ಅದಕ್ಕೂ ಮೊದಲು ಬ್ಯಾಗ್ ಕೊಡುವ ಸಾಲು, ಆಮೇಲೆ ಇಮಿಗ್ರೇಷನ್, ಭದ್ರತಾ ತಪಾಸಣೆ. ಮೂರು ಗಂಟೆ ಮೊದಲು, ಅಂದರೆ 8.30ಕ್ಕೆ ಟರ್ಮಿನಲ್ 2ರಲ್ಲಿ ಇರಿ. ಬೆಂಗಳೂರಿನ ಅಂತರರಾಷ್ಟ್ರೀಯ ವಿಮಾನಗಳು 2023ರ ಸೆಪ್ಟೆಂಬರ್‌ನಿಂದ ಅಲ್ಲಿಂದಲೇ. ಹಳೆಯ ಅಭ್ಯಾಸದಲ್ಲಿ ಡ್ರೈವರ್ ಟರ್ಮಿನಲ್ 1ರ ಮುಂದೆ ಇಳಿಸಿಬಿಟ್ಟಾರು, ಮೊದಲೇ ಹೇಳಿ.

ಮೈಸೂರಿನಿಂದ ಅಲ್ಲಿಗೆ 185 ಕಿ.ಮೀ. ಎಕ್ಸ್‌ಪ್ರೆಸ್‌ವೇ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಮೇಲೆ ಕುಂಬಳಗೋಡುವರೆಗೆ ಸಲೀಸು. ನಿಜವಾದ ಪ್ರಯಾಣ ಶುರುವಾಗುವುದು ಅಲ್ಲಿಂದಾಚೆ. ಕೆಂಗೇರಿಯಿಂದ ನಗರದೊಳಗೆ ನುಗ್ಗಿ ಹೆಬ್ಬಾಳದ ಮೇಲೆ ಹೋಗುವುದು ಬೆಳಗ್ಗೆ 8ರ ನಂತರ ಅದೃಷ್ಟದ ಆಟ. ನೈಸ್ ರಸ್ತೆ ಹಿಡಿದು ಮಾದಾವರಕ್ಕೆ ಬಂದು, ನೆಲಮಂಗಲ, ದೊಡ್ಡಬಳ್ಳಾಪುರ, ದೇವನಹಳ್ಳಿ ಮೇಲೆ ಹೋದರೆ ಕಿಲೋಮೀಟರ್ ಜಾಸ್ತಿ, ಹೆಬ್ಬಾಳದ ಕಾಟ ಇಲ್ಲ. ದಟ್ಟಣೆಯ ಹೊತ್ತಿನಲ್ಲಿ ನನ್ನ ಓಟು ಇದಕ್ಕೇ. ನಸುಕಿನಲ್ಲಾದರೆ ನಗರದ ದಾರಿಯೂ ಆದೀತು.

ನಾಲ್ಕೂವರೆ ಗಂಟೆ ಹಿಡಿಯಿರಿ. ಅದರಲ್ಲಿ ಒಂದು ಟೀ ಸೇರಿದೆ. ಬಿಡದಿಯಲ್ಲಿ ತಟ್ಟೆ ಇಡ್ಲಿಗೆ ಕೂತರೆ ಇನ್ನೂ ಇಪ್ಪತ್ತು ನಿಮಿಷ ಸೇರಿಸಿ. ಅಂದರೆ ಮೈಸೂರಿನವರು ಬೆಳಗಿನ ಜಾವ 4ಕ್ಕೆ ಮನೆ ಬಿಡಬೇಕು. ಮಂಡ್ಯದವರಿಗೆ 45 ಕಿ.ಮೀ. ಉಳಿತಾಯ, 4.45 ಆದರೂ ನಡೆಯುತ್ತದೆ. ಕೆಎಸ್‌ಆರ್‌ಟಿಸಿಯ ಫ್ಲೈಬಸ್ ಮೈಸೂರಿನಿಂದ ನೇರ ವಿಮಾನ ನಿಲ್ದಾಣಕ್ಕೇ ಹೋಗುತ್ತದೆ. ಒಬ್ಬಿಬ್ಬರಾದರೆ ಟ್ಯಾಕ್ಸಿಗಿಂತ ಇದು ಎಷ್ಟೋ ಅಗ್ಗ. 8.30ಕ್ಕೆ ಸರಿಯಾಗಿ ತಲುಪುವ ಬಸ್ ಬೇಡ, ಅದರ ಹಿಂದಿನದನ್ನು ಹಿಡಿಯಿರಿ.

ನಮ್ಮ ದಾರಿಗೇ ವಿಶೇಷವಾದ ಕೆಲವು ತಡೆಗಳಿವೆ. ಕಾವೇರಿ ವಿಷಯ ಬಿಸಿಯಾದರೆ ಮಂಡ್ಯದಲ್ಲಿ ಹೆದ್ದಾರಿ ತಡೆ ಗ್ಯಾರಂಟಿ. 2023ರ ಸೆಪ್ಟೆಂಬರ್‌ನಲ್ಲಿ ಮಂಡ್ಯ ಬಂದ್, ಬೆಂಗಳೂರು ಬಂದ್, ಕರ್ನಾಟಕ ಬಂದ್ ಮೂರೂ ಒಂದೇ ವಾರದೊಳಗೆ ಆದವು. 2022ರ ಆಗಸ್ಟ್ ಕೊನೆಯಲ್ಲಿ ಮಳೆ ನೀರು ರಾಮನಗರದ ಬಳಿ ಹೆದ್ದಾರಿಯನ್ನೇ ಮುಳುಗಿಸಿತ್ತು. ದಸರಾ ವಾರದಲ್ಲಿ ಮೈಸೂರು ಬಿಟ್ಟು ಹೊರಬರುವುದೇ ಒಂದು ಕೆಲಸ. ಹೊರಡುವ ಹಿಂದಿನ ಸಂಜೆ ಸ್ಥಳೀಯ ಸುದ್ದಿ ನೋಡಿ. ಬಂದ್ ಇದ್ದರೆ ರಾತ್ರಿಯೇ ಹೊರಟುಬಿಡಿ. ಎಕ್ಸ್‌ಪ್ರೆಸ್‌ವೇ ಮುಖ್ಯ ದಾರಿಯಲ್ಲಿ 2023ರ ಆಗಸ್ಟ್‌ನಿಂದ ಬೈಕ್, ಆಟೊ ಬಿಡುವುದಿಲ್ಲ. ಕಾರಿಗೆ ಗಂಟೆಗೆ 100 ಕಿ.ಮೀ. ಮಿತಿ, ಕ್ಯಾಮೆರಾಗಳಿವೆ. ತಡವಾಯಿತೆಂದು ಒತ್ತಿದರೆ ದಂಡದ ಮೆಸೇಜು ಕೊಲಂಬೊದಲ್ಲಿ ಬರುತ್ತದೆ.

ಈಗ ಆಚೆ ಕಡೆ. 11.30ರ ವಿಮಾನ ಮಧ್ಯಾಹ್ನ 1 ಗಂಟೆ ಸುಮಾರಿಗೆ ಕಟುನಾಯಕದಲ್ಲಿ. ಇಮಿಗ್ರೇಷನ್, ಬ್ಯಾಗು, ಸಿಮ್ಮು, ಒಂದಿಷ್ಟು ರೂಪಾಯಿ ಬದಲಾವಣೆ ಮುಗಿಸಿ ಹೊರಬರಲು ಒಂದು ಗಂಟೆ. ಪ್ರಯಾಣಕ್ಕೆ ಮುಂಚೆ ಆನ್‌ಲೈನ್‌ನಲ್ಲಿ ಇಟಿಎ ಎಂಬ ಪ್ರವೇಶ ಅನುಮತಿ ಮಾಡಿಸಿಕೊಳ್ಳಿ. ನಿಯಮ, ಶುಲ್ಕ ಆಗಾಗ ಬದಲಾಗುವುದರಿಂದ ಶ್ರೀಲಂಕಾ ಸರ್ಕಾರದ ತಾಣದಲ್ಲೇ ನೋಡಿ, ಮಧ್ಯವರ್ತಿಗಳ ತಾಣದಲ್ಲಿ ಬೇಡ. ಕೊಲಂಬೊ ನಗರಕ್ಕೆ 2013ರಲ್ಲಿ ತೆರೆದ ಎಕ್ಸ್‌ಪ್ರೆಸ್‌ವೇ ಇದೆ. ಅದರ ಉದ್ದ ಸುಮಾರು 26 ಕಿ.ಮೀ. ಹೋಟೆಲ್‌ವರೆಗೆ ಮುಕ್ಕಾಲು ಗಂಟೆ ಹಿಡಿಯಿರಿ. 3 ಗಂಟೆಗೆ ರೂಮಿನಲ್ಲಿ.

ಜಾವ 4ರಿಂದ ಮಧ್ಯಾಹ್ನ 3. ಹನ್ನೊಂದು ಗಂಟೆ. ಅದರಲ್ಲಿ ಹಾರಿದ್ದು ಒಂದು ಗಂಟೆ ಚಿಲ್ಲರೆ. 710 ಕಿ.ಮೀ.ಗಿಂತ ನಿಮ್ಮ ದಿನವನ್ನು ತಿನ್ನುವುದು ಆ 185 ಕಿ.ಮೀ. ಮತ್ತು ಆ ಮೂರು ಗಂಟೆಯ ಕಾಯುವಿಕೆ. ಹೀಗಾಗಿ ಇಪ್ಪತ್ತು ನಿಮಿಷ ಬೇಗ ತಲುಪಿಸುವ ವಿಮಾನಕ್ಕೆ ಜಾಸ್ತಿ ದುಡ್ಡು ಕೊಡಬೇಡಿ, ರಸ್ತೆ ಖಾಲಿ ಇರುವ ಹೊತ್ತಿಗೆ ಹೊಂದುವ ವಿಮಾನಕ್ಕೆ ಕೊಡಿ.

ಚೆನ್ನೈ, ಮಧುರೈ ದಾರಿ ಲಾಭವೇ?

ಚೆನ್ನೈ-ಕೊಲಂಬೊ ಸುಮಾರು 647 ಕಿ.ಮೀ., ತಿರುಚಿರಾಪಳ್ಳಿಯಿಂದ 419, ಮಧುರೈನಿಂದ 355. ಮಧುರೈ ಲೆಕ್ಕ ಹಾಕಿದರೆ ಹಾರಾಟ ಒಂದು ಗಂಟೆಯೊಳಗೆ. ನೋಡಲು ಚೆನ್ನ. ಆದರೆ ಮೈಸೂರಿನಿಂದ ಮಧುರೈಗೆ ಹೋಗುವ ರಸ್ತೆ ದೇವನಹಳ್ಳಿ ರಸ್ತೆಗಿಂತ ಎಷ್ಟೋ ಉದ್ದ. ಉಳಿದ ಅರ್ಧ ಗಂಟೆಯನ್ನು ದಾರಿಯಲ್ಲೇ ಕಳೆದುಕೊಳ್ಳುತ್ತೀರಿ. ಮಧುರೈ ಮೀನಾಕ್ಷಿ, ರಾಮೇಶ್ವರ ಮುಗಿಸಿಕೊಂಡು ಹಾಗೆಯೇ ಲಂಕೆಗೆ ಹೋಗುವವರಿಗೆ ಮಾತ್ರ ಇದು ಹೊಂದುತ್ತದೆ. ಅತ್ತೆ-ಮಾವನನ್ನು ಕರೆದುಕೊಂಡು ಹೊರಟವರು ಈ ಜೋಡಿ ಪ್ರವಾಸವನ್ನು ಯೋಚಿಸಬಹುದು.

ಇಳಿದ ಮೇಲೆ ಕ್ಯಾಂಡಿಗೋ ಸಿಗಿರಿಯಾಗೋ ಹೋಗುವವರು ಕೊಲಂಬೊ ನಗರಕ್ಕೆ ಹೋಗಲೇಬೇಡಿ. ಕಟುನಾಯಕ ನಗರದ ಉತ್ತರಕ್ಕಿದೆ, ನೀವು ಹೋಗಬೇಕಾದ ಕಡೆಗೇ. ಸುಸ್ತಾಗಿದ್ದರೆ ಪಕ್ಕದ ನೆಗೊಂಬೊದಲ್ಲಿ, ಸುಮಾರು 10 ಕಿ.ಮೀ., ಒಂದು ರಾತ್ರಿ ಉಳಿದು ಬೆಳಗ್ಗೆ ಹೊರಡಿ.

ವಾಪಸ್ ಬರುವಾಗ ಇದೇ ಲೆಕ್ಕವನ್ನು ತಿರುಗಿಸಿ ಹಾಕಿ. ದೇವನಹಳ್ಳಿಯಲ್ಲಿ ಇಳಿದ ಮೇಲೆ ಒಂದು ಗಂಟೆ ಹೊರಬರಲು, ನಾಲ್ಕರಿಂದ ನಾಲ್ಕೂವರೆ ಗಂಟೆ ಮೈಸೂರಿಗೆ. ಸಂಜೆ 5ರಿಂದ 8ರೊಳಗೆ ಇಳಿಯುವ ವಿಮಾನವಾದರೆ ಹೆಬ್ಬಾಳದ ಕಡೆ ತಲೆ ಹಾಕದೆ ದೊಡ್ಡಬಳ್ಳಾಪುರದ ದಾರಿ ಹಿಡಿಯಿರಿ. ರಾತ್ರಿ 11ರ ನಂತರ ಇಳಿಯುವುದಾದರೆ ಫ್ಲೈಬಸ್ ಹೊತ್ತು ಮೊದಲೇ ನೋಡಿಟ್ಟುಕೊಳ್ಳಿ, ಇಲ್ಲವೇ ದೇವನಹಳ್ಳಿ ಕಡೆ ರೂಮ್ ಮಾಡಿ ಬೆಳಗ್ಗೆ ಹೊರಡಿ. ನೀವು ಹಿಂದಿನ ಸೀಟಿನಲ್ಲಿ ಮಲಗಬಹುದು, ಡ್ರೈವರ್ ಮಲಗುವ ಹಾಗಿಲ್ಲವಲ್ಲ.